ಕ್ರಿಸ್‌ಮಸ್ ಹಿಂದಿನ ದಿನ ಶುರುವಾದ ಲೆಕ್ಕ

ಪಿಯುಸಿಯಲ್ಲಿ ಅರ್ಹೇನಿಯಸ್ ಸಮೀಕರಣ ಬಾಯಿಪಾಠ ಮಾಡದವರು ಈ ಕ್ಯಾಂಪಸ್ಸಿನಲ್ಲಿ ಯಾರೂ ಇರಲಿಕ್ಕಿಲ್ಲ. ಉಷ್ಣತೆ ಏರಿದಂತೆ ರಾಸಾಯನಿಕ ಕ್ರಿಯೆ ಎಷ್ಟು ಚುರುಕಾಗುತ್ತೆ ಅಂತ ಹೇಳೋ ಒಂದು ಸಾಲು ಅದು. ಗ್ರಾಫ್ ಎಳಿ, ಸ್ಲೋಪ್ ತೆಗಿ, ಆಕ್ಟಿವೇಷನ್ ಎನರ್ಜಿ ಬರಿ, ಎರಡು ಮಾರ್ಕು. ಆಮ್ಲ ಅಂದರೇನು, ಪ್ರತ್ಯಾಮ್ಲ ಅಂದರೇನು ಅನ್ನೋ ಪಾಠದಲ್ಲೂ ಅದೇ ಹೆಸರು ಬಂದುಹೋಗುತ್ತೆ. ಆದರೆ ಕಲ್ಲಿದ್ದಲು ಸುಟ್ಟು ಹೊರಬೀಳೋ ಅನಿಲದಿಂದ ಭೂಮಿ ಎಷ್ಟು ಡಿಗ್ರಿ ಬಿಸಿಯಾಗಬಹುದು ಅನ್ನೋದನ್ನ ಮೊಟ್ಟಮೊದಲು ಅಂಕಿಯಲ್ಲಿ ಬರೆದಿಟ್ಟವರೂ ಅವರೇ ಅನ್ನೋದು ನನಗೆ ಗೊತ್ತಾಗಿದ್ದು ಇಂಜಿನಿಯರಿಂಗಿಗೆ ಬಂದ ಮೇಲೆ. ಟೆಕ್ಸ್ಟ್‌ಬುಕ್ಕಿನಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಸ್ವಾಂಟೆ ಅರ್ಹೇನಿಯಸ್ ಹುಟ್ಟಿದ್ದು 1859ರ ಫೆಬ್ರವರಿ 19ರಂದು, ಸ್ವೀಡನ್ನಿನ ಉಪ್ಸಾಲ ಊರಿನ ಹತ್ತಿರ. ಆ ವರ್ಷವೇ ವಿಚಿತ್ರ. ಅದೇ 1859ರಲ್ಲಿ ಲಂಡನ್ನಿನಲ್ಲಿ ಜಾನ್ ಟಿಂಡಲ್ ಒಂದು ಕೊಳವೆಯಲ್ಲಿ ಬೇರೆ ಬೇರೆ ಅನಿಲ ತುಂಬಿ, ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಶಾಖದ ಕಿರಣಗಳನ್ನು ಹೀರಿಕೊಳ್ಳುತ್ತವೆ ಅಂತ ಅಳೆಯಲು ಶುರುಮಾಡಿದರು. ಅದೇ ವರ್ಷ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಕೊರೆಸಿದ ಬಾವಿಯಲ್ಲಿ ಪೆಟ್ರೋಲಿಯಂ ಸಿಕ್ಕಿತು. ಸಮಸ್ಯೆ, ಅದರ ವಿವರಣೆ, ಅದರ ಲೆಕ್ಕ ಮಾಡುವ ಮನುಷ್ಯ, ಮೂರೂ ಒಂದೇ ವರ್ಷದ್ದು!

ಅಪ್ಪ ಜಮೀನು ಅಳೆಯುವ ಸರ್ವೇಯರ್. ಹುಡುಗ ಮೂರನೇ ವಯಸ್ಸಿಗೇ ತಾನಾಗಿ ಓದಲು ಕಲಿತ, ಅಪ್ಪ ಲೆಕ್ಕದ ಪುಸ್ತಕದಲ್ಲಿ ಅಂಕಿ ಕೂಡಿಸೋದನ್ನ ನೋಡಿ ನೋಡಿ ಗಣಿತ ಕಲಿತ ಅಂತ ಹೇಳ್ತಾರೆ. ಅಂಕಿಗಳ ಜೊತೆಗಿನ ಈ ಸಲಿಗೆ ಮುಂದೆ ಕೆಲಸಕ್ಕೆ ಬಂತು.

ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ಮಾತ್ರ ಅವರಿಗೂ ಪ್ರೊಫೆಸರ್‌ಗಳಿಗೂ ಆಗಿಬರಲಿಲ್ಲ. 1881ರಲ್ಲಿ ಸ್ಟಾಕ್‌ಹೋಮಿಗೆ ಹೋಗಿ, ಎಡ್ಲುಂಡ್ ಎಂಬ ಭೌತವಿಜ್ಞಾನಿಯ ಕೈಕೆಳಗೆ ದ್ರಾವಣಗಳಲ್ಲಿ ವಿದ್ಯುತ್ ಹೇಗೆ ಹರಿಯುತ್ತೆ ಅಂತ ಅಳೆಯತೊಡಗಿದರು. 1884ರಲ್ಲಿ ಅದನ್ನೇ ಸುಮಾರು 150 ಪುಟಗಳ ಪ್ರಬಂಧ ಮಾಡಿ ಡಾಕ್ಟರೇಟಿಗೆ ಅಂತ ಉಪ್ಸಾಲಕ್ಕೆ ಕೊಟ್ಟರು. ಉಪ್ಪು ಬರೀ ನೀರಿನಲ್ಲಿ ಕರಗಿದ ಮಾತ್ರಕ್ಕೆ ವಿದ್ಯುತ್ ಹೊರುವ ಕಣಗಳಾಗಿ ಒಡೆಯುತ್ತೆ ಅನ್ನೋ ವಿಚಾರದ ಬೀಜ ಅದರಲ್ಲಿತ್ತು. ಸೋಡಿಯಂ ನೀರಿಗೆ ಬಿದ್ದರೆ ಧಗ್ಗನೆ ಹೊತ್ತಿಕೊಳ್ಳುತ್ತೆ, ಕ್ಲೋರಿನ್ ವಿಷ. ಇವೆರಡೂ ಒಂದು ಲೋಟ ಉಪ್ಪುನೀರಿನಲ್ಲಿ ಬಿಡಿಬಿಡಿಯಾಗಿ ಸುಮ್ಮನೆ ಓಡಾಡ್ತಿವೆ ಅಂದರೆ ಆ ಕಾಲದ ಯಾವ ಕೆಮಿಸ್ಟ್ರಿ ಮೇಷ್ಟ್ರು ಒಪ್ಪಿಯಾರು? ಪ್ರಬಂಧಕ್ಕೆ ಬಹಳ ಕೆಳಗಿನ ದರ್ಜೆ ಕೊಟ್ಟರು. ವೈವಾ ಚೆನ್ನಾಗಿ ಮಾಡಿದರು ಅಂತ ಕೊಂಚ ಏರಿಸಿದರಂತೆ. ಆದರೂ ಆ ದರ್ಜೆ ಹಿಡಿದುಕೊಂಡು ಅಲ್ಲಿ ಉಪನ್ಯಾಸಕ ಆಗುವ ಹಾಗಿರಲಿಲ್ಲ.

ಸಿಜಿಪಿಎ ಬಿದ್ದಾಗ ನಾವೇನು ಮಾಡ್ತೀವಿ ಅಂತ ಗೊತ್ತೇ ಇದೆ. ಅರ್ಹೇನಿಯಸ್ ಮಾಡಿದ್ದು ಅಂಚೆ ಕಚೇರಿಗೆ ಹೋದದ್ದು. ಪ್ರಬಂಧದ ಪ್ರತಿಗಳನ್ನು ಯೂರೋಪಿನ ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಕಳಿಸಿದರು. ರೀಗಾದಲ್ಲಿದ್ದ ವಿಲ್ಹೆಲ್ಮ್ ಓಸ್ಟ್ವಾಲ್ಡ್ ಓದಿದವರೇ ನೇರ ಉಪ್ಸಾಲಕ್ಕೆ ಬಂದು, ನಮ್ಮಲ್ಲಿಗೆ ಬಾ ಅಂತ ಕರೆದರು. ಅಪ್ಪನ ಕಾಯಿಲೆ ಜೋರಾಗಿತ್ತು ಅಂತ ಅರ್ಹೇನಿಯಸ್ ಹೋಗಲಿಲ್ಲ. ಆದರೆ ಹೊರಗಿನವರು ಮೆಚ್ಚಿದ ಮೇಲೆ ಉಪ್ಸಾಲಕ್ಕೂ ಈ ಹುಡುಗ ಕೆಲಸಕ್ಕೆ ಬರ್ತಾನೆ ಅನ್ನಿಸಿತು, ಹುದ್ದೆ ಕೊಟ್ಟರು. ಮುಂದಿನದು ಬೇಗ ಹೇಳಿಬಿಡ್ತೀನಿ: ಓಸ್ಟ್ವಾಲ್ಡ್, ಬೋಲ್ಟ್ಸ್‌ಮನ್, ವಾಂಟ್ ಹಾಫ್ ಇವರೆಲ್ಲರ ಲ್ಯಾಬುಗಳಲ್ಲಿ ಸುತ್ತಾಟ, 1887ರಲ್ಲಿ ಅಯಾನುಗಳ ಸಿದ್ಧಾಂತ ಪೂರ್ಣ ರೂಪದಲ್ಲಿ, 1889ರಲ್ಲಿ ನಮ್ಮ ಎರಡು ಮಾರ್ಕಿನ ಸಮೀಕರಣ, 1891ರಿಂದ ಸ್ಟಾಕ್‌ಹೋಮಿನಲ್ಲಿ ಪಾಠ, 1903ರಲ್ಲಿ ಕೆಮಿಸ್ಟ್ರಿ ನೊಬೆಲ್. ಸ್ವೀಡನ್ನಿನವರೊಬ್ಬರಿಗೆ ಸಿಕ್ಕ ಮೊದಲ ನೊಬೆಲ್ ಅದು. ಕೊಟ್ಟದ್ದು, ಕಮ್ಮಿ ಮಾರ್ಕು ಬಿದ್ದ ಅದೇ ವಿಚಾರಕ್ಕೆ.

ನನಗೆ ಬೇಕಾಗಿರೋದು ಇದರ ನಡುವಿನ ಒಂದು ವರ್ಷ.

ಸ್ಟಾಕ್‌ಹೋಮಿನಲ್ಲಿ ಅರ್ಹೇನಿಯಸ್ ಕಟ್ಟಿದ ಒಂದು ಭೌತವಿಜ್ಞಾನ ಸಂಘ ಇತ್ತು. ಅಲ್ಲಿ ಸೇರಿದವರಿಗೆ ಆಗ ತಲೆ ತಿಂತಿದ್ದ ಪ್ರಶ್ನೆ ಹಿಮಯುಗದ್ದು. ಒಂದು ಕಾಲದಲ್ಲಿ ಸ್ವೀಡನ್ ಪೂರ್ತಿ ಹಿಮದಡಿ ಹೂತುಹೋಗಿತ್ತು ಅಂತ ಬಂಡೆಗಳ ಮೇಲಿನ ಗೀರುಗಳು ಹೇಳ್ತಿದ್ದವು. ಯಾಕೆ ಹಾಗಾಯ್ತು? ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಕಮ್ಮಿಯಾಗಿದ್ದರಿಂದಲೇ? ಹಾಗಾದರೆ ಎಷ್ಟು ಕಮ್ಮಿಯಾಗಬೇಕು? ಸುಮ್ಮನೆ ಮಾತಾಡೋದು ಬಿಟ್ಟು ಲೆಕ್ಕ ಹಾಕೋಣ ಅಂತ ಅರ್ಹೇನಿಯಸ್ ಕೂತದ್ದು 1894ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಿಂದಿನ ದಿನ.

ಅದೇ ವರ್ಷ ಅವರಿಗೆ ಮದುವೆಯಾಗಿತ್ತು. ಹೆಂಡತಿ ಸೋಫಿಯಾ ರುಡ್ಬೆಕ್ ಅವರ ವಿದ್ಯಾರ್ಥಿನಿಯೇ ಆಗಿದ್ದವರು, ವಿಜ್ಞಾನ ಓದಿದವರು. ಗಂಡ ಹಗಲೂ ರಾತ್ರಿ ಅಂಕಿಗಳಲ್ಲಿ ಮುಳುಗಿದ್ದ ಆ ಅವಧಿಯಲ್ಲೇ ಸಂಸಾರ ಬಿರುಕು ಬಿಟ್ಟಿತು. 1895ರಲ್ಲಿ ಓಲೋಫ್ ಅನ್ನೋ ಮಗ ಹುಟ್ಟಿದ, 1896ರಲ್ಲಿ ವಿಚ್ಛೇದನ. ಲೆಕ್ಕದಿಂದ ಸಂಸಾರ ಕೆಟ್ಟಿತೋ, ಸಂಸಾರ ಕೆಟ್ಟದ್ದನ್ನು ಮರೆಯಲು ಲೆಕ್ಕವೋ, ಹೊರಗಿನವರು ಹೇಳೋಕಾಗಲ್ಲ.

ಲೆಕ್ಕ ಎಂಥದು ಅಂತ ಸ್ವಲ್ಪ ನೋಡೋಣ, ಇದು ನಮ್ಮ ಏರಿಯಾ. ಗಾಳಿ ಎಷ್ಟು ಶಾಖ ಹೀರುತ್ತೆ ಅನ್ನೋದಕ್ಕೆ ಡೇಟಾ ಬೇಕಲ್ಲ? ಅದು ಸಿಕ್ಕಿದ್ದು ಚಂದ್ರನಿಂದ! ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಚಂದ್ರನ ಉಷ್ಣತೆ ತಿಳಿಯಲು ಅಂತ ಬೆಳದಿಂಗಳ ಇನ್‌ಫ್ರಾರೆಡ್ ಕಿರಣಗಳನ್ನು ಅಳೆದಿಟ್ಟಿದ್ದರು. ಚಂದ್ರ ನೆತ್ತಿಯ ಮೇಲಿದ್ದಾಗ ಕಿರಣ ಕಡಿಮೆ ಗಾಳಿ ದಾಟಿ ಬರುತ್ತೆ. ದಿಗಂತದ ಹತ್ತಿರ ಇದ್ದಾಗ ಓರೆಯಾಗಿ ಎಷ್ಟೋ ಪಟ್ಟು ಹೆಚ್ಚು ಗಾಳಿ ದಾಟಬೇಕು. ಅಂದರೆ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಏನಾಗುತ್ತೆ ಅನ್ನೋ ಪ್ರಯೋಗ ಆಕಾಶದಲ್ಲಿ ಆಗಲೇ ನಡೆದುಹೋಗಿದೆ, ರೀಡಿಂಗ್ಸ್ ಬೇರೆಯವರ ಪುಸ್ತಕದಲ್ಲಿ ಬಿದ್ದಿವೆ. ಬೇರೆ ಕೆಲಸಕ್ಕೆ ತೆಗೆದ ರೀಡಿಂಗನ್ನು ಹೀಗೆ ಬಳಸಬಹುದು ಅಂತ ಹೊಳೆಯೋದಿದೆಯಲ್ಲ, ನನಗೆ ನೊಬೆಲ್ಲಿಗಿಂತ ದೊಡ್ಡದು ಅನ್ನಿಸೋದು ಅದು.

ಆಮೇಲಿನದು ಬರೀ ಕತ್ತೆ ದುಡಿಮೆ. ಭೂಮಿಯನ್ನು ಹತ್ತು ಹತ್ತು ಡಿಗ್ರಿ ಅಕ್ಷಾಂಶದ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಗೂ ನಾಲ್ಕು ಋತು ಇಟ್ಟು, ಅನಿಲದ ಪ್ರಮಾಣ ಈಗಿನ ಮೂರನೇ ಎರಡು ಭಾಗ, ಒಂದೂವರೆ ಪಟ್ಟು, ಎರಡು ಪಟ್ಟು, ಎರಡೂವರೆ, ಮೂರು ಪಟ್ಟು ಆದರೆ ಉಷ್ಣತೆ ಎಷ್ಟು ಬದಲಾಗುತ್ತೆ ಅಂತ ಒಂದೊಂದಾಗಿ ಹಾಕ್ತಾ ಹೋದರು. ಬಿಸಿಯಾದಷ್ಟೂ ಗಾಳಿಯಲ್ಲಿ ನೀರಾವಿ ಹೆಚ್ಚುತ್ತೆ, ಅದರಿಂದ ಮತ್ತಷ್ಟು ಬಿಸಿ. ಆ ಫೀಡ್‌ಬ್ಯಾಕನ್ನೂ ಬಿಡಲಿಲ್ಲ. ಪ್ರತಿ ಉತ್ತರವನ್ನೂ ಮತ್ತೆ ಸಮೀಕರಣಕ್ಕೆ ಹಾಕಿ ತಿದ್ದಬೇಕು. ನಾವು ಇದನ್ನ ಲೂಪ್ ಬರೆದು ರನ್ ಕೊಟ್ಟು ಕ್ಯಾಂಟೀನಿಗೆ ಹೋಗ್ತೀವಿ. ಅವರು ಕಾಗದ ಪೆನ್ಸಿಲ್ ಹಿಡಿದು ಹಾಕಿದ ಲೆಕ್ಕಗಳು ಹತ್ತು ಸಾವಿರದಿಂದ ಒಂದು ಲಕ್ಷದವರೆಗೆ ಇರಬಹುದು ಅಂತ ಆಮೇಲಿನವರು ಅಂದಾಜು ಮಾಡಿದ್ದಾರೆ. ಸುಮಾರು ಒಂದು ವರ್ಷ ಹಿಡಿಯಿತು.

1896ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಫಿಲಾಸಫಿಕಲ್ ಮ್ಯಾಗಝೀನ್‌ನಲ್ಲಿ ಉತ್ತರ ಅಚ್ಚಾಯಿತು. ಕಾರ್ಬನ್ ಡೈಆಕ್ಸೈಡ್ ಗುಣೋತ್ತರ ಶ್ರೇಢಿಯಲ್ಲಿ ಏರಿದರೆ ಉಷ್ಣತೆ ಸಮಾಂತರ ಶ್ರೇಢಿಯಲ್ಲಿ ಏರುತ್ತೆ. ನಮ್ಮ ಭಾಷೆಯಲ್ಲಿ ಲಾಗರಿದಂ. ಎರಡು ಪಟ್ಟಾದರೆ ಭೂಮಿ 5ರಿಂದ 6 ಡಿಗ್ರಿ ಬಿಸಿ. ಉಷ್ಣವಲಯಕ್ಕಿಂತ ಧ್ರುವದ ಕಡೆ ಹೆಚ್ಚು. ಇವತ್ತು ಸೂಪರ್‌ಕಂಪ್ಯೂಟರ್ ಇಟ್ಟುಕೊಂಡು ಐಪಿಸಿಸಿಯವರು ಹೇಳೋದು ಸುಮಾರು 3 ಡಿಗ್ರಿ, ಬಹುಶಃ ಎರಡೂವರೆಯಿಂದ ನಾಲ್ಕರ ಒಳಗೆ. ಅರ್ಹೇನಿಯಸ್ ಕೂಡ ಕೆಲವು ವರ್ಷಗಳ ನಂತರ ತಮ್ಮ ಅಂಕಿಯನ್ನು 4 ಡಿಗ್ರಿಗೆ ಇಳಿಸಿಕೊಂಡರು. ಅವರ ಡೇಟಾದಲ್ಲಿ ತಪ್ಪುಗಳಿದ್ದವು, ಕೆಲವು ಒಂದನ್ನೊಂದು ಹೊಡೆದುಹಾಕಿದವು, ಅದೃಷ್ಟವೂ ಇತ್ತು. ಆದರೂ ಚಂದ್ರನ ಬೆಳಕು ಮತ್ತು ಪೆನ್ಸಿಲ್‌ನಿಂದ ಅಷ್ಟು ಹತ್ತಿರ!

ಕಲ್ಲಿದ್ದಲು ಇದರೊಳಗೆ ಬಂದದ್ದು ಗೆಳೆಯ ಆರ್ವಿಡ್ ಹೊಗ್‌ಬೊಮ್ ಕಡೆಯಿಂದ. ಜ್ವಾಲಾಮುಖಿ, ಸಮುದ್ರ, ಬಂಡೆಗಳ ನಡುವೆ ಕಾರ್ಬನ್ ಹೇಗೆ ಸುತ್ತುತ್ತೆ ಅಂತ ಲೆಕ್ಕ ಇಡ್ತಿದ್ದ ಭೂವಿಜ್ಞಾನಿ ಆತ. ಜಗತ್ತು ವರ್ಷಕ್ಕೆ ಸುಮಾರು 50 ಕೋಟಿ ಟನ್ ಕಲ್ಲಿದ್ದಲು ಸುಡ್ತಿದೆ, ಅದರಿಂದ ಬರೋ ಕಾರ್ಬನ್ ಡೈಆಕ್ಸೈಡ್ ಗಾಳಿಯಲ್ಲಿ ಇರೋದರ ಸಾವಿರದ ಒಂದು ಪಾಲು ಅಂತ ಅವರು ತೋರಿಸಿದ್ದರು. ಸಾವಿರದಲ್ಲಿ ಒಂದು. ಅದರಲ್ಲೂ ಬಹುಪಾಲು ಸಮುದ್ರ ಕುಡಿದುಬಿಡುತ್ತೆ ಅಂತ ಇಬ್ಬರ ನಂಬಿಕೆ. ಹಾಗಾಗಿ ಮನುಷ್ಯ ಸುಟ್ಟು ಸುಟ್ಟು ವಾತಾವರಣವನ್ನು ಗಣನೀಯವಾಗಿ ಬದಲಾಯಿಸಲು ಸಾವಿರಾರು ವರ್ಷ ಬೇಕು ಅಂತ ಅರ್ಹೇನಿಯಸ್ ಅಂದುಕೊಂಡರು.

ಅವರು ಎಡವಿದ್ದು ಇಲ್ಲಿ. ವಾತಾವರಣದ ಫಿಸಿಕ್ಸ್ ಕಷ್ಟದ್ದು, ಅದನ್ನು ಸರಿ ಹಿಡಿದರು. ಸುಲಭ ಅನ್ನಿಸಿದ ಇನ್‌ಪುಟ್, ಅಂದರೆ ನಾವು ವರ್ಷಕ್ಕೆ ಎಷ್ಟು ಸುಡ್ತೀವಿ ಅನ್ನೋದು, ಅದನ್ನ ಕಾನ್ಸ್ಟೆಂಟ್ ಅಂತ ಇಟ್ಟುಕೊಂಡರು. ಹತ್ತೇ ವರ್ಷದಲ್ಲಿ ಅವರಿಗೇ ಅನುಮಾನ ಬಂತು. 1904ರ ಹೊತ್ತಿಗೆ ಕಲ್ಲಿದ್ದಲು ಸುಮಾರು 90 ಕೋಟಿ ಟನ್ ಮುಟ್ಟಿತ್ತು. ಸಾಮಾನ್ಯ ಓದುಗರಿಗೆ ಅಂತ ಬರೆದ ಪುಸ್ತಕದಲ್ಲಿ, ಕೆಲವೇ ಶತಮಾನಗಳಲ್ಲಿ ವ್ಯತ್ಯಾಸ ಕಾಣಬಹುದು ಅಂತ ತಿದ್ದಿ ಬರೆದರು. ಇವತ್ತು ಜಗತ್ತು ವರ್ಷಕ್ಕೆ ಸುಡೋ ಕಲ್ಲಿದ್ದಲು 800 ಕೋಟಿ ಟನ್ನಿಗಿಂತ ಹೆಚ್ಚು. ತೈಲ, ಅನಿಲ ಬೇರೆ. ಅವರ ಕಾಲಕ್ಕೆ 300 ಪಿಪಿಎಂ ಒಳಗಿದ್ದದ್ದು ಈಗ 420 ದಾಟಿದೆ.

ಇನ್ನೊಂದು ವಿಷಯ ಓದಿ ನನಗೆ ಮೊದಲು ನಗು ಬಂದಿತ್ತು. ಭೂಮಿ ಬಿಸಿಯಾದರೆ ಒಳ್ಳೆಯದೇ ಅಂತ ಅರ್ಹೇನಿಯಸ್ ಭಾವಿಸಿದ್ದರು. ಹವೆ ಹಿತವಾಗುತ್ತೆ, ಬೆಳೆ ಹೆಚ್ಚುತ್ತೆ, ಇನ್ನೊಂದು ಹಿಮಯುಗ ಬರದೆ ತಪ್ಪುತ್ತೆ ಅಂತ. ಆಮೇಲೆ ಗೊತ್ತಾಯ್ತು: ಅವರಿಗೆ ಎಂಟು-ಒಂಬತ್ತು ವರ್ಷ ಇದ್ದಾಗ, 1867-68ರಲ್ಲಿ, ಚಳಿಗೂ ಮಳೆ ಕೈಕೊಟ್ಟದ್ದಕ್ಕೂ ಸ್ವೀಡನ್ನಿನಲ್ಲಿ ಬೆಳೆ ಹೋಗಿ ಬರಗಾಲ ಬಿದ್ದಿತ್ತು. ಊರು ಬಿಟ್ಟು ಅಮೆರಿಕಕ್ಕೆ ಹಡಗು ಹತ್ತಿದವರು ಲೆಕ್ಕವಿಲ್ಲ. ಚಳಿ ಅಂದರೆ ಹಸಿವು ಅಂತ ಗೊತ್ತಿದ್ದ ನೆಲದವರು ಅವರು. ಉಷ್ಣವಲಯದಲ್ಲಿ ಬೇಸಾಯ ಮಾಡೋ ಊರುಗಳಿಂದ ನೋಡಿದರೆ ಅದೇ ಟೇಬಲ್ ಹೇಗೆ ಕಾಣುತ್ತೆ ಅನ್ನೋದು ಅವರ ಯೋಚನೆಗೆ ಬಂದ ಹಾಗಿಲ್ಲ.

ಲೆಕ್ಕವನ್ನು ಜಗತ್ತು ಒಪ್ಪಿತೇ? ಇಲ್ಲ. 1900ರಲ್ಲಿ ಕ್ನುಟ್ ಆಂಗ್‌ಸ್ಟ್ರಮ್ (ನಾವು ಬಳಸೋ ಆಂಗ್‌ಸ್ಟ್ರಮ್ ಯೂನಿಟ್ ಇವರ ಅಪ್ಪನ ಹೆಸರಿನದು) ಕೊಳವೆಯ ಪ್ರಯೋಗ ಮಾಡಿಸಿ, ಕಾರ್ಬನ್ ಡೈಆಕ್ಸೈಡ್ ಹೀರಬೇಕಾದ್ದನ್ನೆಲ್ಲ ಆಗಲೇ ಹೀರಿಯಾಗಿದೆ, ಇನ್ನಷ್ಟು ಸೇರಿಸಿದರೂ ಏನೂ ಆಗಲ್ಲ ಅಂತ ಹೇಳಿದರು. ಶಾಖ ಕೊನೆಗೆ ಭೂಮಿಯಿಂದ ತಪ್ಪಿಸಿಕೊಳ್ಳೋದು ಮೇಲಿನ ತೆಳು ಗಾಳಿಯಿಂದ, ಅಲ್ಲಿ ಅನಿಲ ಹೆಚ್ಚಾದರೆ ಲೆಕ್ಕ ಬದಲಾಗುತ್ತೆ ಅನ್ನೋದು ಆ ಕೊಳವೆಯಲ್ಲಿ ಕಾಣೋದಿಲ್ಲ. ಅರ್ಹೇನಿಯಸ್ ಉತ್ತರ ಕೊಟ್ಟರು, ಹೆಚ್ಚು ಜನ ಕೇಳಲಿಲ್ಲ. ಅವರೂ ಬೇರೆ ಕೆಲಸಗಳಿಗೆ ಹೊರಟುಹೋದರು.

ಆ ಬೇರೆ ಕೆಲಸಗಳಲ್ಲಿ ಒಂದನ್ನು ಮುಚ್ಚಿಡೋದು ಸರಿಯಲ್ಲ. 1909ರಲ್ಲಿ ಶುರುವಾದ ಸ್ವೀಡನ್ನಿನ ಜನಾಂಗ ಶುದ್ಧಿ ಸಂಘದಲ್ಲಿ ಅವರೂ ಇದ್ದರು. ಮನುಷ್ಯರನ್ನು ತಳಿಗಳ ಹಾಗೆ ಮೇಲು ಕೀಳು ಅಂತ ವಿಂಗಡಿಸೋ ಆ ವಿಚಾರ ಎಲ್ಲಿಗೆ ಹೋಗಿ ಮುಟ್ಟಿತು ಅಂತ ಇತಿಹಾಸ ಹೇಳುತ್ತೆ. ಆ ಕಾಲದ ಅನೇಕ ವಿಜ್ಞಾನಿಗಳು ಇದ್ದರು ಅನ್ನೋದು ನಿಜ, ಅದು ಸಮಜಾಯಿಷಿ ಅಲ್ಲ.

ಕೊನೆಗಾಲದಲ್ಲಿ ಅವರಿಗೆ ಇಂಧನದ ಚಿಂತೆ ಹತ್ತಿತು. ಅದೂ ಬಿಸಿಯ ಚಿಂತೆಯಲ್ಲ, ಖಾಲಿಯಾಗುವ ಚಿಂತೆ. ಕಲ್ಲಿದ್ದಲು, ತೈಲವನ್ನು ಹೀಗೆ ದುಂದು ಮಾಡಿದರೆ ಮುಂದಿನವರ ಗತಿಯೇನು, ಬೀಳುವ ನೀರನ್ನೂ ಬಿಸಿಲನ್ನೂ ಬಳಸೋದು ಕಲಿಯಬೇಕು ಅಂತ ಬರೆದರು. 1927ರ ಅಕ್ಟೋಬರ್ 2ರಂದು ಸ್ಟಾಕ್‌ಹೋಮಿನಲ್ಲಿ ತೀರಿಕೊಂಡಾಗ ಅವರು ಹೆಸರುವಾಸಿಯಾಗಿದ್ದು ಅಯಾನುಗಳಿಗೆ. 1896ರ ಲೇಖನ ಹೆಚ್ಚುಕಮ್ಮಿ ಮೂಲೆ ಸೇರಿತ್ತು.

ಅದನ್ನು ಮತ್ತೆ ಮುಂದಕ್ಕೆ ಎಳೆದವರು ನಮ್ಮ ಕಡೆಯವರೇ, ಅಂದರೆ ಇಂಜಿನಿಯರ್. ಇಂಗ್ಲೆಂಡಿನ ಗೈ ಕ್ಯಾಲೆಂಡರ್, ಸ್ಟೀಮ್ ಇಂಜಿನಿಯರ್, ಹವಾಮಾನ ಅವರಿಗೆ ಬರೀ ಹವ್ಯಾಸ. ಭೂಮಿ ಆಗಲೇ ಬಿಸಿಯಾಗ್ತಿದೆ ಅಂತ 1938ರಲ್ಲಿ ಹಳೆಯ ಥರ್ಮಾಮೀಟರ್ ದಾಖಲೆಗಳನ್ನು ಒಟ್ಟು ಮಾಡಿ ತೋರಿಸಿದರು. ಇಪ್ಪತ್ತು ವರ್ಷದ ನಂತರ, 1958ರಲ್ಲಿ, ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಮುದ್ರ ವಿಜ್ಞಾನ ಸಂಸ್ಥೆಯ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಯಂತ್ರ ಇಟ್ಟು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ನಿರಂತರವಾಗಿ ಅಳೆಯತೊಡಗಿದರು. ಆ ಗೆರೆ ಇವತ್ತಿಗೂ ಮೇಲಕ್ಕೇ ಹೋಗ್ತಿದೆ.

ಅದೇ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಆಗ ಸಮುದ್ರತಳದ ಕೆಸರಿನ ಪದರಗಳನ್ನು ಓದುತ್ತಿದ್ದ ಒಬ್ಬ ಸ್ವೀಡಿಷ್ ವಿಜ್ಞಾನಿ ಇದ್ದರು. ಹೆಸರು ಗುಸ್ತಾಫ್ ಅರ್ಹೇನಿಯಸ್. ತಾತ ತೀರಿಕೊಂಡಾಗ ಅವರಿಗೆ ಐದು ವರ್ಷ. ಲೆಕ್ಕ ನಡೆದ ವರ್ಷ ಹುಟ್ಟಿದ ಓಲೋಫನ ಮಗ.