ಶಾಲೆ ಬಿಟ್ಟ ಹುಡುಗ ಶಾಲೆ ತೆರೆಸಿದ ಕತೆ: ಕೆ. ಕಾಮರಾಜರು



ಈ ತಿಂಗಳ ಮಹನೀಯರ ಪರಿಚಯದಲ್ಲಿ ನಾನು ಕೆ. ಕಾಮರಾಜರ ಬಗ್ಗೆ ಬರೆದಿದ್ದೇನೆ. ಅವರು ತಮಿಳುನಾಡಿನವರಲ್ಲವಾ, ನಮಗೇನು ಸಂಬಂಧ ಅಂತ ಕೆಲವರು ಕೇಳಬಹುದು. ಸಂಬಂಧ ಇದೆ. ನಮ್ಮ ಕೊಳ್ಳೇಗಾಲ ಸೀಮೆ 1956ರ ನವೆಂಬರ್ 1ರವರೆಗೆ ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ತಾತ ಹುಟ್ಟಿದ್ದು ಇದೇ ಊರಲ್ಲಿ, ಇದೇ ಮನೇಲಿ. ಆದರೆ ಆಗ ಇದು ಮದ್ರಾಸು ರಾಜ್ಯ. ಕಾಮರಾಜರು ಆ ರಾಜ್ಯದ ಮುಖ್ಯಮಂತ್ರಿ. ಅಂದರೆ ಎರಡೂವರೆ ವರ್ಷ ಅವರು ನಮಗೂ ಮುಖ್ಯಮಂತ್ರಿ ಆಗಿದ್ದರು.

ಕಾಮರಾಜರು 15-7-1903ರಂದು ವಿರುಧುನಗರದಲ್ಲಿ ಹುಟ್ಟಿದರು. ಆಗ ಆ ಊರಿಗೆ ವಿರುದುಪಟ್ಟಿ ಅಂತ ಹೆಸರು. ತಂದೆ ಕುಮಾರಸ್ವಾಮಿ, ತಾಯಿ ಶಿವಕಾಮಿ ಅಮ್ಮಾಳ್. ಮೊದಲು ಮನೆದೇವರ ಹೆಸರಿನಂತೆ ಕಾಮಾಕ್ಷಿ ಅಂತ ಹೆಸರಿಟ್ಟಿದ್ದರು. ತಾಯಿ ಮುದ್ದಿನಿಂದ ರಾಜಾ ಅಂತ ಕರೆಯುತ್ತಿದ್ದರು. ಎರಡೂ ಸೇರಿ ಕಾಮರಾಜ ಆಯಿತು.

ಅವರು ಓದಿದ ಶಾಲೆಯ ಹೆಸರು ಕ್ಷತ್ರಿಯ ವಿದ್ಯಾಶಾಲೆ. ಅದನ್ನು ನಡೆಸುತ್ತಿದ್ದ ರೀತಿ ನನಗೆ ಬಹಳ ಹಿಡಿಸಿತು. ಆ ಊರಿನ ಹೆಂಗಸರು ಅನ್ನಕ್ಕೆ ಅಕ್ಕಿ ಹಾಕುವಾಗ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದರು. ಅದನ್ನು ಮನೆಮನೆಯಿಂದ ಕೂಡಿಸಿ ಮಾರಿ ಶಾಲೆ ಖರ್ಚಿಗೆ ಕೊಡುತ್ತಿದ್ದರು. ಹೀಗಾಗಿ ಮಕ್ಕಳಿಗೆ ಫೀಸು ಇರಲಿಲ್ಲ. ಹಿಡಿ ಅಕ್ಕಿಯಿಂದ ಒಂದು ಶಾಲೆ ನಡೆಯಿತು ಅಂದರೆ ಆಶ್ಚರ್ಯ ಅಲ್ಲವೇ?

ಆದರೆ ಕಾಮರಾಜರಿಗೆ ಅಲ್ಲೂ ಓದಲು ಆಗಲಿಲ್ಲ. ಆರು ವರ್ಷದವರಿದ್ದಾಗ ತಂದೆ ತೀರಿಕೊಂಡರು. ತಾಯಿ ಒಡವೆ ಮಾರಿ ಸಂಸಾರ ಸಾಗಿಸಿದರು. ಕೊನೆಗೆ ಹನ್ನೊಂದು ಹನ್ನೆರಡು ವಯಸ್ಸಿಗೆ ಶಾಲೆ ಬಿಟ್ಟು ಮಾವನ ಬಟ್ಟೆ ಅಂಗಡಿಗೆ ಸೇರಿದರು. ನೋಡಿ, ಫೀಸು ಇಲ್ಲದಿದ್ದರೂ ಹುಡುಗ ಶಾಲೆ ಬಿಟ್ಟ. ಶಾಲೆ ಇದ್ದರೆ ಸಾಲದು, ಮನೆ ಕಷ್ಟವೂ ಲೆಕ್ಕಕ್ಕೆ ಬರುತ್ತೆ. ಇದನ್ನು ಅವರು ಯಾರ ಪಾಠದಿಂದಲೂ ಕಲಿಯಬೇಕಾಗಿರಲಿಲ್ಲ.

1919ರಲ್ಲಿ ಜಲಿಯನ್‌ವಾಲಾಬಾಗಿನಲ್ಲಿ ಜನರನ್ನು ಗುಂಡಿಟ್ಟು ಕೊಂದ ಸುದ್ದಿ ಕೇಳಿ ಅವರು ಸ್ವಾತಂತ್ರ್ಯ ಚಳವಳಿಗೆ ಇಳಿದರು. 1930ರಲ್ಲಿ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಗೆ ಹೋದರು. ಆಮೇಲೂ ಅನೇಕ ಸಲ ಜೈಲು ಸೇರಿದರು. ಶಾಲೆಯಲ್ಲಿ ತಪ್ಪಿದ ಓದನ್ನು ಜೈಲಿನಲ್ಲಿ ಪುಸ್ತಕ ಓದಿ ತುಂಬಿಕೊಂಡರು. ಮದುವೆ ಆಗಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸ್ವಾತಂತ್ರ್ಯ ಬಂದಾಗ ಮದ್ರಾಸು ರಾಜ್ಯದಲ್ಲಿ ಶಾಲೆ ಇಲ್ಲದ ಹಳ್ಳಿಗಳು ಬಹಳ. ಮಕ್ಕಳು ಜಾಸ್ತಿ, ಕೊಠಡಿ ಕಡಿಮೆ, ಮೇಷ್ಟ್ರು ಕಡಿಮೆ, ಸರ್ಕಾರದ ಹತ್ತಿರ ದುಡ್ಡೂ ಕಡಿಮೆ. 1953ರಲ್ಲಿ ಆಗಿನ ಮುಖ್ಯಮಂತ್ರಿ ರಾಜಾಜಿಯವರು ಒಂದು ಯೋಜನೆ ತಂದರು. ಹಳ್ಳಿ ಪ್ರಾಥಮಿಕ ಶಾಲೆ ಮಕ್ಕಳು ದಿನಕ್ಕೆ ಸುಮಾರು ಮೂರು ಗಂಟೆ ಮಾತ್ರ ತರಗತಿಯಲ್ಲಿ ಕೂರಬೇಕು. ಉಳಿದ ಹೊತ್ತು ಮನೆಯಲ್ಲಿ ಅಪ್ಪನ ಕಸುಬು ಕಲಿಯಬೇಕು. ಬೆಳಿಗ್ಗೆ ಒಂದು ಗುಂಪು, ಆಮೇಲೆ ಇನ್ನೊಂದು ಗುಂಪು ಬಂದರೆ ಅದೇ ಕೊಠಡಿ, ಅದೇ ಮೇಷ್ಟ್ರಲ್ಲಿ ಎರಡರಷ್ಟು ಮಕ್ಕಳಿಗೆ ಜಾಗ ಆಗುತ್ತೆ ಎಂಬುದು ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಚಪ್ಪಲಿ ಹೊಲಿಯುವವರ ಮಗ ಚಪ್ಪಲಿಯನ್ನೇ, ಮಡಕೆ ಮಾಡುವವರ ಮಗ ಮಡಕೆಯನ್ನೇ ಮಾಡಬೇಕಾ ಅಂತ ಜನ ಸಿಟ್ಟಾದರು. ದೊಡ್ಡ ವಿರೋಧ ಬಂತು. ರಾಜಾಜಿ ರಾಜೀನಾಮೆ ಕೊಟ್ಟರು. 13-4-1954ರಂದು ಕಾಮರಾಜರು ಮುಖ್ಯಮಂತ್ರಿ ಆದರು. ಅದೇ ವರ್ಷ ಆ ಯೋಜನೆ ಕೈಬಿಟ್ಟರು. ನಾಯಕನ ಆಯ್ಕೆಯಲ್ಲಿ ತಮಗೆ ಎದುರು ನಿಂತು ಸೋತ ಸಿ. ಸುಬ್ರಮಣ್ಯಂ ಅವರಿಗೇ ವಿದ್ಯಾ ಖಾತೆ ಕೊಟ್ಟರು. ದ್ವೇಷ ಇಟ್ಟುಕೊಳ್ಳಲಿಲ್ಲ.

ಯೋಜನೆ ಕೈಬಿಡೋದು ಸುಲಭ. ಆದರೆ ಮಕ್ಕಳಿಗೆ ಜಾಗ ಎಲ್ಲಿಂದ ತರೋದು? ಕಾಮರಾಜರು ಹೊತ್ತು ಕಡಿಮೆ ಮಾಡುವ ಬದಲು ಶಾಲೆಗಳನ್ನೇ ಜಾಸ್ತಿ ಮಾಡಲು ಹೊರಟರು. ವಿದ್ಯಾ ಇಲಾಖೆಯ ನಿರ್ದೇಶಕರಾಗಿದ್ದ ನೆ.ದು. ಸುಂದರವಡಿವೇಲು ಅವರು ಬಲಗೈಯಂತೆ ದುಡಿದರು. ಯಾವ ಹಳ್ಳಿಗೆ ಶಾಲೆ ಇಲ್ಲ ಅಂತ ಮೊದಲು ಪಟ್ಟಿ ಮಾಡಿಸಿದರು. ಆಮೇಲೆ ಒಂದು ಅಳತೆ ಇಟ್ಟುಕೊಂಡರು. ಒಂದು ಮೈಲಿ ಒಳಗೆ ಪ್ರಾಥಮಿಕ ಶಾಲೆ, ಮೂರು ಮೈಲಿ ಒಳಗೆ ಮಾಧ್ಯಮಿಕ ಶಾಲೆ, ಐದು ಮೈಲಿ ಒಳಗೆ ಹೈಸ್ಕೂಲು. ಈಗಿನ ಲೆಕ್ಕದಲ್ಲಿ ಸುಮಾರು 1.6, 4.8 ಮತ್ತು 8 ಕಿಲೋಮೀಟರ್. ಮಗುವಿನ ಕಾಲು ಎಷ್ಟು ದೂರ ನಡೆದೀತು ಅಂತ ನೋಡಿ ಶಾಲೆ ಇಡುವ ಲೆಕ್ಕ ಇದು. ಸಣ್ಣ ಮಗುವಿಗೆ ಸಣ್ಣ ದೂರ, ದೊಡ್ಡ ಮಗುವಿಗೆ ದೊಡ್ಡ ದೂರ.

ಸಣ್ಣ ಹಳ್ಳಿಗೆ ಒಬ್ಬರೇ ಮೇಷ್ಟ್ರಾದರೂ ಸರಿ ಅಂತ ಏಕೋಪಾಧ್ಯಾಯ ಶಾಲೆಗಳನ್ನು ತೆರೆದರು. ಓದಿ ಕೆಲಸ ಇಲ್ಲದೆ ಕೂತಿದ್ದ ಯುವಕರಿಗೆ ಮೇಷ್ಟ್ರ ಕೆಲಸ ಸಿಕ್ಕಿತು. ಇನ್ನೊಂದು ಮಾತು ನಾವು ಗಮನಿಸಬೇಕು. ಈ ವರ್ಷ ಒಂದನೇ ತರಗತಿಗೆ ನೂರು ಮಕ್ಕಳು ಸೇರಿದರೆ ಕೆಲವೇ ವರ್ಷದಲ್ಲಿ ಅವರೆಲ್ಲ ಹೈಸ್ಕೂಲಿನ ಬಾಗಿಲಿಗೆ ಬರುತ್ತಾರೆ. ಆವಾಗ ಜಾಗ ಇಲ್ಲ ಅಂದರೆ ಆಗುತ್ತಾ? ಅದಕ್ಕೇ ಕೆಳಗಿನ ಶಾಲೆ ತೆರೆಯುವಾಗಲೇ ಮೇಲಿನ ಶಾಲೆಯ ಲೆಕ್ಕವನ್ನೂ ಹಾಕಬೇಕು. ಕಾಮರಾಜರು ಮೂರನ್ನೂ ಒಟ್ಟಿಗೆ ಹಿಡಿದದ್ದು ಇದಕ್ಕೇ ಇರಬೇಕು ಅಂತ ನನಗೆ ಅನ್ನಿಸುತ್ತೆ.

ಒಂದು ಕತೆ ಹೇಳುತ್ತಾರೆ. ಒಮ್ಮೆ ಅವರ ಕಾರು ರೈಲ್ವೆ ಗೇಟಿನ ಹತ್ತಿರ ನಿಂತಿತ್ತಂತೆ. ಅಲ್ಲಿ ದನ ಮೇಯಿಸುತ್ತಿದ್ದ ಹುಡುಗನನ್ನು ಯಾಕಪ್ಪಾ ಶಾಲೆಗೆ ಹೋಗಲಿಲ್ಲ ಅಂತ ಕೇಳಿದರಂತೆ. ಶಾಲೆಗೆ ಹೋದರೆ ಊಟ ಯಾರು ಕೊಡ್ತಾರೆ ಅಂತ ಆ ಹುಡುಗ ತಿರುಗಿ ಕೇಳಿದನಂತೆ. ಕಾಮರಾಜರ ಸರ್ಕಾರ 1956ರಲ್ಲಿ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಶುರು ಮಾಡಿತು. ಊರಿನವರು ಸ್ವಲ್ಪ ಕೊಟ್ಟರು, ಸರ್ಕಾರ ಸ್ವಲ್ಪ ಕೊಟ್ಟಿತು. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಶುರುವಾಯಿತು. ನಾವು ಉಣ್ಣುವ ಬಿಸಿಯೂಟಕ್ಕೆ ಅವರ ಊಟ ಅಕ್ಕನಿದ್ದ ಹಾಗೆ.

1958ರಿಂದ ಶಾಲಾ ಸುಧಾರಣೆ ಚಳವಳಿ ನಡೆಯಿತು. ಊರಿನವರು ಸಭೆ ಸೇರಿ ಶಾಲೆಗೆ ಜಾಗ, ಕಟ್ಟಡ, ಬೆಂಚು, ಗಡಿಯಾರ, ಹೀಗೆ ಕೈಲಾದದ್ದು ಕೊಟ್ಟರು. ಬಡ ಮಕ್ಕಳಿಗೆ ಸಮವಸ್ತ್ರ ಕೊಡಿಸಿದರು. ಹಂತಹಂತವಾಗಿ ಹೈಸ್ಕೂಲಿನವರೆಗೂ ಫೀಸು ತೆಗೆದುಹಾಕಿದರು. ವಿರುಧುನಗರದ ಹಿಡಿ ಅಕ್ಕಿ ಇಡೀ ರಾಜ್ಯಕ್ಕೆ ಬಂದ ಹಾಗಾಯಿತು.

2-10-1963ರಂದು ಕಾಮರಾಜರು ತಾವಾಗಿಯೇ ಅಧಿಕಾರ ಬಿಟ್ಟು ಪಕ್ಷದ ಕೆಲಸಕ್ಕೆ ಹೋದರು. ಮುಂದೆ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಶಾಸ್ತ್ರಿಯವರು, ಇಂದಿರಾ ಗಾಂಧಿಯವರು ಪ್ರಧಾನಿ ಆಗುವಲ್ಲಿ ಇವರ ಪಾತ್ರ ದೊಡ್ಡದು. 1967ರ ಚುನಾವಣೆಯಲ್ಲಿ ಸ್ವಂತ ಊರಾದ ವಿರುಧುನಗರದಲ್ಲೇ ಒಬ್ಬ ವಿದ್ಯಾರ್ಥಿ ನಾಯಕನ ಎದುರು ಸೋತರು. ಓದಿಸಿದವರನ್ನು ಓದಿದ ಹುಡುಗನೇ ಸೋಲಿಸಿದ. 2-10-1975ರಂದು, ಗಾಂಧಿ ಜಯಂತಿ ದಿನವೇ, ತೀರಿಕೊಂಡರು. ಆಸ್ತಿ ಏನೂ ಮಾಡಿರಲಿಲ್ಲ. 1976ರಲ್ಲಿ ಭಾರತರತ್ನ ಕೊಟ್ಟರು. ತಮಿಳುನಾಡಿನ ಶಾಲೆಗಳಲ್ಲಿ ಅವರ ಹುಟ್ಟುಹಬ್ಬವನ್ನು ವಿದ್ಯಾಭಿವೃದ್ಧಿ ದಿನ ಅಂತ ಆಚರಿಸುತ್ತಾರೆ.

ಇದನ್ನು ನಾನು ಯಾಕೆ ಬರೆದೆ ಅಂತ ಹೇಳಿ ಮುಗಿಸುತ್ತೇನೆ. ನಮ್ಮೂರಲ್ಲಿ ಏಳನೇ ತರಗತಿವರೆಗೆ ಮಾತ್ರ ಇದೆ. ಗಣಿತದ ಮೇಷ್ಟ್ರು ನಮ್ಮ ಕೈಲಿ ತಾಲ್ಲೂಕು ನಕ್ಷೆ ಮೇಲೆ ಕೈವಾರ ಇಡಿಸಿ 8 ಕಿಲೋಮೀಟರಿಗೆ ವೃತ್ತ ಎಳೆಸಿದರು. ಹತ್ತಿರದ ಹೈಸ್ಕೂಲು ವೃತ್ತದ ಒಳಗೇ ಬಂತು. ನಕ್ಷೆಯಲ್ಲಿ 6 ಕಿಲೋಮೀಟರ್. ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ನೋಡಿದರೆ ನಡುವೆ ಗುಡ್ಡ ಇದೆ, ಕಾಡಿದೆ, ಆನೆ ಓಡಾಡುತ್ತವೆ. ರಸ್ತೆ ಸುತ್ತಿಕೊಂಡು ಹೋದರೆ 11 ಕಿಲೋಮೀಟರ್. ಬೆಳಿಗ್ಗೆ ಬಸ್ಸು ಒಂದೇ. ಸಂಜೆ ಬಸ್ಸು ಬರುವಷ್ಟರಲ್ಲಿ ಕತ್ತಲು. ಕೈವಾರಕ್ಕೆ ಗುಡ್ಡ ಕಾಣುವುದಿಲ್ಲ.

ಹೋದ ವರ್ಷ ನಮ್ಮ ಶಾಲೆ ಮುಗಿಸಿದವರಲ್ಲಿ ಮೂರು ಜನ ಅಕ್ಕಂದಿರು ಎಂಟನೇ ತರಗತಿಗೆ ಹೋಗಲಿಲ್ಲ. ಅವರಲ್ಲಿ ಒಬ್ಬಳು ನಮ್ಮ ಅಕ್ಕ. ಫೀಸಿಗಾಗಿ ಅಲ್ಲ, ಕತ್ತಲಿಗಾಗಿ. ನಮ್ಮ ತಾತನೂ ನಾಲ್ಕನೇ ಕ್ಲಾಸಿಗೆ ಬಿಟ್ಟಿದ್ದು ಶಾಲೆ ದೂರ ಅಂತಲೇ. ಬರುವ ಜೂನ್‌ಗೆ ನನ್ನ ಸರದಿ. ಅವ್ವ ಕಳಿಸ್ತೀನಿ ಅಂತಾಳೆ, ಅಪ್ಪ ನೋಡೋಣ ಅಂತಾರೆ.

ಆದ್ದರಿಂದ ಮಿತ್ರರೇ, ಕಾಮರಾಜರ ಹಾಗೆ ನಾವೂ ಮೊದಲು ಪಟ್ಟಿ ಮಾಡೋಣ. ಈ ಹಾಳೆ ಕೆಳಗೆ ಜಾಗ ಬಿಟ್ಟಿದ್ದೇನೆ. ಏಳನೇ ತರಗತಿಯವರು ಮುಂದಿನ ವರ್ಷ ಎಲ್ಲಿಗೆ, ಹೇಗೆ ಹೋಗ್ತೀರಿ ಅಂತ ಬರೆಯಿರಿ. ಹೋಗಲ್ಲ ಅನ್ನುವವರು ಯಾಕೆ ಅಂತ ಬರೆಯಿರಿ. ಆರನೇ ತರಗತಿಯವರೂ ಬರೆಯಬಹುದು, ಅದರ ಮುಂದಿನ ವರ್ಷ ನೀವೇ ಅಲ್ಲವೇ? ಮಕ್ಕಳ ಗ್ರಾಮಸಭೆಯಲ್ಲಿ ಈ ಪಟ್ಟಿಯನ್ನು ಓದಿ, ಬಸ್ಸಿನ ಹೊತ್ತು ಬದಲಿಸಿ, ಇಲ್ಲವೇ ನಮ್ಮಲ್ಲೇ ಎಂಟನೇ ತರಗತಿ ತೆರೆಯಿರಿ ಅಂತ ಕೇಳೋಣ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ.

ಮೊದಲನೇ ಹೆಸರು ನನ್ನದೇ ಬರೆದಿದ್ದೇನೆ.

ಇಂತಿ,
ಏಳನೇ ತರಗತಿ ವಿದ್ಯಾರ್ಥಿನಿ