ಅಲನ್ ಟ್ಯೂರಿಂಗ್

ಅಲನ್ ಮ್ಯಾಥಿಸನ್ ಟ್ಯೂರಿಂಗ್ (ಜೂನ್ 23, 1912 – ಜೂನ್ 7, 1954) ಇಂಗ್ಲೆಂಡಿನ ಗಣಿತಜ್ಞ ಹಾಗೂ ತರ್ಕಶಾಸ್ತ್ರಜ್ಞ. ಚಾಲನೆಯಲ್ಲಿರುವ ವರ್ಚುವಲ್ ಯಂತ್ರವೊಂದನ್ನು ಕಮಾಂಡ್ ಲೈನ್ ಮೂಲಕ ಸಂಪರ್ಕಿಸುವ ಇಂದಿನ ಪದ್ಧತಿಗೆ ಆಧಾರವಾದ ಎರಡು ವಿಚಾರಗಳು ಇವರ ಬರಹ, ಉಪನ್ಯಾಸಗಳಲ್ಲಿ ಮೊದಲೇ ಕಾಣಿಸಿಕೊಂಡಿದ್ದವು.

ಕುಟುಂಬ

ತಂದೆ ಜೂಲಿಯಸ್ ಮದ್ರಾಸ್ ಪ್ರಾಂತ್ಯದ ಐ.ಸಿ.ಎಸ್. ಅಧಿಕಾರಿ, ವಿವಾಹಕ್ಕೆ ಮುನ್ನ ಬಳ್ಳಾರಿ ಜಿಲ್ಲೆಯಲ್ಲಿಯೂ ಸೇವೆ ಸಲ್ಲಿಸಿದ್ದರು. ತಾಯಿ ಎಥೆಲ್ ಸಾರಾ ಪೋದನೂರಿನಲ್ಲಿ ಜನಿಸಿದವರು. ತುಂಗಭದ್ರಾ ನದಿಗೆ ರೈಲು ಸೇತುವೆ ಕಟ್ಟಿಸಿದ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್ ಎಡ್ವರ್ಡ್ ಸ್ಟೋನಿ ಆಕೆಯ ತಂದೆ. ಅಲನ್ ಜನಿಸಿದ್ದು ಲಂಡನ್ನಿನಲ್ಲಿ. ತಂದೆತಾಯಿ ಭಾರತದಲ್ಲಿದ್ದಾಗ ಅಣ್ಣತಮ್ಮಂದಿರಿಬ್ಬರೂ ಇಂಗ್ಲೆಂಡಿನಲ್ಲಿ ನಿವೃತ್ತ ಸೇನಾಧಿಕಾರಿಯೊಬ್ಬರ ಮನೆಯಲ್ಲಿ ಬೆಳೆದರು.

ಸಾರ್ವತ್ರಿಕ ಯಂತ್ರ

ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನಲ್ಲಿದ್ದಾಗ, 1936ರಲ್ಲಿ, ಬರೆದ ಪ್ರಬಂಧದಲ್ಲಿ ಟ್ಯೂರಿಂಗ್ ಒಂದು ಕಾಲ್ಪನಿಕ ಯಂತ್ರವನ್ನು ವಿವರಿಸಿದರು. ಬೇರೆ ಯಾವುದೇ ಗಣನ ಯಂತ್ರದ ವಿವರಣೆಯನ್ನು ಪಟ್ಟಿಯ ಮೇಲೆ ಬರೆದುಕೊಟ್ಟರೆ ಇದು ಅದನ್ನು ಓದಿ, ಆ ಯಂತ್ರದಂತೆಯೇ ವರ್ತಿಸುತ್ತದೆ. ಒಂದೇ ಗಣಕದೊಳಗೆ ಹಲವು ಗಣಕಗಳನ್ನು ನಡೆಸುವ ಇಂದಿನ ತಂತ್ರಾಂಶಗಳ ಹಿಂದಿರುವ ತತ್ತ್ವವೂ ಇದೇ. 1960ರ ದಶಕದಲ್ಲಿ ಐಬಿಎಂ ಇದನ್ನು ವರ್ಚುವಲ್ ಯಂತ್ರಗಳ ರೂಪದಲ್ಲಿ ಬಳಕೆಗೆ ತಂದಿತು.

ಎರಡನೆಯ ಮಹಾಯುದ್ಧದಲ್ಲಿ ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನಿಯ ಎನಿಗ್ಮಾ ಗೂಢಲಿಪಿಯನ್ನು ಭೇದಿಸುವ ಕಾರ್ಯದಲ್ಲಿ ಪ್ರಮುಖ ಪಾತ್ರ ವಹಿಸಿದರು.

ದೂರದಿಂದ ಆದೇಶ

1945ರಲ್ಲಿ ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನು ಸೇರಿ ಏಸ್ ಎಂಬ ಗಣಕದ ವಿನ್ಯಾಸ ರಚಿಸಿದರು. 1947ರ ಫೆಬ್ರವರಿ 20ರಂದು ಲಂಡನ್ ಗಣಿತ ಸಂಘದಲ್ಲಿ ಮಾಡಿದ ಉಪನ್ಯಾಸದಲ್ಲಿ, ದೂರದಲ್ಲಿರುವ ಗಣಕವನ್ನು ದೂರವಾಣಿ ತಂತಿಯ ಮೂಲಕ ನಿಯಂತ್ರಿಸಬಹುದೆಂದೂ ಅದಕ್ಕೆ ಬೇಕಾದ ಉಪಕರಣಕ್ಕೆ ಹೆಚ್ಚೆಂದರೆ ಕೆಲವು ನೂರು ಪೌಂಡ್ ತಗಲಬಹುದೆಂದೂ ತಿಳಿಸಿದರು. ಈ ವಿಚಾರದಲ್ಲಿ ಅವರೇ ಮೊದಲಿಗರೆನ್ನಲಾಗದು. 1940ರಲ್ಲಿಯೇ ಅಮೆರಿಕದ ಜಾರ್ಜ್ ಸ್ಟಿಬಿಟ್ಜ್ ಡಾರ್ಟ್‌ಮತ್‌ನಿಂದ ನ್ಯೂಯಾರ್ಕ್‌ನ ಲೆಕ್ಕಯಂತ್ರವೊಂದನ್ನು ಟೆಲಿಪ್ರಿಂಟರ್ ಮೂಲಕ ನಡೆಸಿ ತೋರಿಸಿದ್ದರು. ಆದರೆ ಅದು ನಿಶ್ಚಿತ ಲೆಕ್ಕಗಳನ್ನಷ್ಟೇ ಮಾಡುವ ಯಂತ್ರವಾಗಿತ್ತು.

ಆ ಟೆಲಿಪ್ರಿಂಟರ್‌ನ ಗುರುತು ಇನ್ನೂ ಉಳಿದಿದೆ. ಲಿನಕ್ಸ್‌ನಲ್ಲಿ ಟರ್ಮಿನಲ್‌ಗೆ ಇರುವ ಟಿಟಿವೈ ಎಂಬ ಹೆಸರು ಟೆಲಿಟೈಪ್‌ನಿಂದ ಬಂದದ್ದು. ವಿರ್ಶ್ ಕನ್ಸೋಲ್ ಆದೇಶವು ಬಳಕೆದಾರನನ್ನು ವರ್ಚುವಲ್ ಯಂತ್ರದ ಸೀರಿಯಲ್ ಪೋರ್ಟ್‌ಗೆ, ಅದಕ್ಕೆ ಟೆಲಿಟೈಪ್ ಜೋಡಿಸಿದಂತೆಯೇ, ಸೇರಿಸುತ್ತದೆ. ಎಸ್‌ಎಸ್‌ಎಚ್ ಜಾಲದ ಮೂಲಕ ಒಳಹೋಗುತ್ತದೆ.

ಕೊನೆಯ ವರ್ಷಗಳು

ಏಸ್ ನಿರ್ಮಾಣದ ವಿಳಂಬದಿಂದ ಬೇಸತ್ತ ಟ್ಯೂರಿಂಗ್ 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅದರ ಕಿರಿದಾದ ರೂಪ ಪೈಲಟ್ ಏಸ್ ಮೊದಲು ಕೆಲಸ ಮಾಡಿದ್ದು 1950ರಲ್ಲಿ. 1952ರಲ್ಲಿ ಸಲಿಂಗ ಸಂಬಂಧಕ್ಕಾಗಿ ಶಿಕ್ಷೆಗೊಳಗಾಗಿ, ಸೆರೆವಾಸದ ಬದಲು ಹಾರ್ಮೋನ್ ಚಿಕಿತ್ಸೆಯನ್ನು ಒಪ್ಪಿಕೊಂಡರು. ಗೂಢಲಿಪಿ ಕಾರ್ಯದ ಬಾಗಿಲು ಅವರಿಗೆ ಮುಚ್ಚಿತು. 1954ರಲ್ಲಿ ಸಯನೈಡ್ ವಿಷದಿಂದ ಮೃತರಾದರು. ವಿಚಾರಣೆಯು ಅದನ್ನು ಆತ್ಮಹತ್ಯೆಯೆಂದು ನಿರ್ಣಯಿಸಿತು. ತಾಯಿ ಅದನ್ನು ಒಪ್ಪಲಿಲ್ಲ. ಮಗನ ಜೀವನಚರಿತ್ರೆಯನ್ನು ಆಕೆಯೇ ಬರೆದು 1959ರಲ್ಲಿ ಪ್ರಕಟಿಸಿದರು. ರಾಜಕ್ಷಮೆ ದೊರೆತದ್ದು 2013ರಲ್ಲಿ.