ನಂಬಿಕೆಗೆ ಬಾರದ ಸಾಕ್ಷಿ: ಜೇಮ್ಸ್ ಬ್ರೂಸನ ಚರಿತ್ರೆ

ರಥದಲ್ಲಿ ಕೂತು ಯೆಶಾಯನ ಗ್ರಂಥವನ್ನು ಓದುತ್ತಾ ಹೋದ ಕಂಚುಕಿಯ ಸಂಗತಿಯನ್ನು ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿ ನಾವೆಲ್ಲರೂ ಕೇಳಿದ್ದೇವೆ. ಅವನು ಕಂದಾಕೆ ರಾಣಿಯ ಭಂಡಾರದ ಅಧಿಕಾರಿಯಾಗಿದ್ದನು. ಕಂದಾಕೆ ಎಂಬುದು ಒಬ್ಬಳ ಹೆಸರಲ್ಲ. ಅದು ಆ ರಾಜ್ಯದ ರಾಣಿಯರ ಬಿರುದು. ಅವರ ಪಟ್ಟಣವಾದ ಮೆರೊಯೆಯು ಈಗಿನ ಸೂಡಾನ್ ದೇಶದಲ್ಲಿ ನೈಲ್ ನದಿಯ ತೀರದಲ್ಲಿತ್ತು. ಕಾಲಾಂತರದಲ್ಲಿ ಅದು ಹಾಳುದಿಬ್ಬವಾಯಿತು. ಅದರ ಸ್ಥಳವು ಯೂರೋಪಿನ ಪಂಡಿತರಿಗೆ ತಿಳಿಯದೆ ಹೋಯಿತು. ಆ ದಿಬ್ಬಗಳನ್ನು ಕಂಡು, ಮೆರೊಯೆ ಇದೇ ಇರಬೇಕೆಂದು ಊಹಿಸಿದ ಪ್ರವಾಸಿಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಜೇಮ್ಸ್ ಬ್ರೂಸನು 1730ರಲ್ಲಿ ಸ್ಕಾಟ್ಲೆಂಡಿನ ಕಿನ್ನೇರ್ಡ್ ಎಂಬಲ್ಲಿ ಹುಟ್ಟಿದನು. 1754ರಲ್ಲಿ ಅವನಿಗೆ ವಿವಾಹವಾಯಿತು. ಆದರೆ ಅದೇ ವರುಷದಲ್ಲಿ ಅವನ ಹೆಂಡತಿಯು ಪ್ಯಾರಿಸಿನಲ್ಲಿ ಕ್ಷಯರೋಗದಿಂದ ತೀರಿಕೊಂಡಳು. ಅವಳು ಪ್ರೊಟೆಸ್ಟಂಟಳಾಗಿದ್ದ ಕಾರಣ ಅವನು ಅವಳನ್ನು ನಡುರಾತ್ರಿಯಲ್ಲಿ ಮರೆಯಾಗಿ ಸಮಾಧಿಮಾಡಬೇಕಾಯಿತು. ಆ ದುಃಖದ ತರುವಾಯ ಅವನು ದೂರದೇಶಗಳನ್ನು ನೋಡುವುದರಲ್ಲಿಯೂ ಅರಬಿ ಮೊದಲಾದ ಭಾಷೆಗಳನ್ನು ಕಲಿಯುವುದರಲ್ಲಿಯೂ ಮನಸ್ಸಿಟ್ಟನು.

1763ರಲ್ಲಿ ಅವನು ಆಲ್ಜಿಯರ್ಸ್ ಪಟ್ಟಣದಲ್ಲಿ ಬ್ರಿಟಿಷ್ ರಾಜಪ್ರತಿನಿಧಿಯಾದನು. ಆ ಉದ್ಯೋಗವು ತೀರಿದ ಮೇಲೆ, ಬೊಲೊನ್ಯದ ಲುಯಿಜಿ ಬಲುಗಾನಿ ಎಂಬ ಯುವ ಚಿತ್ರಗಾರನೊಡನೆ ಉತ್ತರ ಆಫ್ರಿಕದಲ್ಲಿ ಸಂಚರಿಸಿ, ರೋಮ್ ಸಾಮ್ರಾಜ್ಯದ ಕಾಲದ ಗುಡಿಗಳನ್ನೂ ಹೆಬ್ಬಾಗಿಲುಗಳನ್ನೂ ನೋಡಿ ಅಳತೆಮಾಡಿದನು. ಭಕ್ತನಾದ ಅಗಸ್ಟೀನನ ಕಾಲದಲ್ಲಿ ಕ್ರೈಸ್ತ ಸಭೆಗಳಿಂದ ತುಂಬಿದ್ದ ಆ ಸೀಮೆಯಲ್ಲಿ ಆಗ ಮುರಿದ ಕಂಬಗಳು ನಿಂತಿದ್ದವು. ಬೆಂಗಾಜಿಯ ಹತ್ತಿರ ಹಡಗು ಒಡೆಯಲು, ಅವನು ಈಜಿ ದಡ ಸೇರಿ ಪ್ರಾಣ ಉಳಿಸಿಕೊಂಡನು.

ತರುವಾಯ ಅವನು ಐಗುಪ್ತದಲ್ಲಿ ನೈಲ್ ನದಿಯ ಮೇಲೆ ಪ್ರಯಾಣಮಾಡಿ, ಥೀಬ್ಸಿನಲ್ಲಿ ಫರೋಹನ ಸಮಾಧಿಯೊಂದನ್ನು ಹೊಕ್ಕು, ಅದರ ಗೋಡೆಯಲ್ಲಿ ಚಿತ್ರಿಸಿದ್ದ ಕಿನ್ನರಿಗಾರರನ್ನು ಕಂಡನು. ಅಲ್ಲಿಂದ ಕೆಂಪುಸಮುದ್ರವನ್ನು ದಾಟಿ, 1769ರಲ್ಲಿ ಮಸಾವ ರೇವಿನಲ್ಲಿ ಇಳಿದು, ಬೆಟ್ಟಗಳನ್ನೇರಿ ಅಕ್ಸುಮ್ ಪಟ್ಟಣಕ್ಕೆ ಬಂದನು. ಅಲ್ಲಿಯ ಅರಸನಾದ ಎಜಾನನು 4ನೆಯ ಶತಮಾನದಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದನು. ಏಕಶಿಲೆಯ ಮಹಾಸ್ತಂಭಗಳು ಅಲ್ಲಿ ಇಂದಿಗೂ ನಿಂತಿವೆ. ರಾಜಧಾನಿಯಾದ ಗೊಂಡರಿನಲ್ಲಿ ಬ್ರೂಸನು ಸಿಡುಬಿನವರಿಗೆ ಔಷಧೋಪಚಾರಮಾಡಿ ಅರಮನೆಯ ದಯೆಗೆ ಪಾತ್ರನಾದನು. 1770ರ ನವೆಂಬರಿನಲ್ಲಿ ಗೀಶ್ ಎಂಬಲ್ಲಿ ನೀಲ ನೈಲಿನ ಬುಗ್ಗೆಗಳನ್ನು ಕಂಡನು.

1771ರ ಕೊನೆಯಲ್ಲಿ ಸ್ವದೇಶಕ್ಕೆ ಹೊರಟು ಸೆನ್ನಾರಿನ ಮಾರ್ಗವಾಗಿ ಬರುವಾಗ, ಮುರಿದ ಪೀಠಗಳೂ ಕಲ್ಲುಗಳೂ ಚದರಿದ್ದ ಆ ದಿಬ್ಬಗಳನ್ನು 1772ರಲ್ಲಿ ದಾರಿಯಲ್ಲಿ ಕಂಡನು. ಮುಂದೆ ನೂಬ್ಯದ ಅರಣ್ಯದಲ್ಲಿ ಒಂಟೆಗಳು ಸತ್ತುಹೋದುದರಿಂದ, ಇಷ್ಟು ವರುಷಗಳ ಬರಹಗಳನ್ನೂ ಚಿತ್ರಗಳನ್ನೂ ಮರಳಿನಲ್ಲಿ ಬಿಟ್ಟು, ಊದಿಕೊಂಡ ಕಾಲುಗಳಿಂದ ನಡೆದು ಆಸ್ವಾನಿಗೆ ಸೇರಿದನು. ಅಲ್ಲಿ ಬೇರೆ ಒಂಟೆಗಳನ್ನು ಪಡೆದು, ಹಿಂದಿರುಗಿ ಹೋಗಿ ಎಲ್ಲವನ್ನೂ ತಂದನು.

ಆದರೆ ಮರಳಿಗಿಂತ ಕಠಿಣವಾದ ಶೋಧನೆಯು ಅವನಿಗೆ ಲಂಡನಿನಲ್ಲಿ ಕಾದಿತ್ತು. ಆಬಿಸೀನ್ಯದವರು ಜೀವವುಳ್ಳ ಹಸುವಿನಿಂದ ಮಾಂಸವನ್ನು ಕೊಯ್ದು ತಿಂದುದನ್ನು ತಾನು ಕಂಡೆನೆಂದು ಅವನು ಹೇಳಲು, ವಿದ್ವಾಂಸರು ಅದನ್ನು ಕಟ್ಟುಕಥೆಯೆಂದು ನಕ್ಕರು. ಅವನು ಬಹುಕಾಲ ಮೌನವಾಗಿದ್ದು, 1790ರಲ್ಲಿ ತನ್ನ ಪ್ರವಾಸವನ್ನು 5 ಸಂಪುಟಗಳಲ್ಲಿ ಪ್ರಕಟಿಸಿದನು. ಆಗಲೂ ಅನೇಕರು ನಂಬಲಿಲ್ಲ. 1794ರಲ್ಲಿ, ತನ್ನ ಮನೆಗೆ ಬಂದಿದ್ದ ಸ್ತ್ರೀಯೊಬ್ಬಳನ್ನು ಕಳುಹಿಸಲು ಹೋಗುವಾಗ ಮೆಟ್ಟಲುಗಳಿಂದ ಬಿದ್ದು ಮೃತಿಹೊಂದಿದನು.

ಅವನ ಮರಣಾನಂತರ ಬಂದ ಪ್ರವಾಸಿಗಳು ಅವನ ಮಾತುಗಳಲ್ಲಿ ಬಹಳಷ್ಟನ್ನು ನಿಜವೆಂದು ಕಂಡರು. ಯೂದನ ಪತ್ರಿಕೆಯಲ್ಲಿ ಹೇಳಿರುವ ಹನೋಕನ ಪ್ರವಾದನೆಯುಳ್ಳ ಗ್ರಂಥವನ್ನು ಅವನು ಗೀಜ್ ಭಾಷೆಯ ಹಸ್ತಪ್ರತಿಗಳಲ್ಲಿ ತಂದಿದ್ದನು. ಅದು 1821ರಲ್ಲಿ ಇಂಗ್ಲಿಷಿಗೆ ಭಾಷಾಂತರವಾಯಿತು. ಆ ದಿಬ್ಬಗಳೇ ಮೆರೊಯೆ ಎಂಬುದು 1909ರಲ್ಲಿ ಆರಂಭವಾದ ಅಗೆತದಿಂದ ಸ್ಥಿರಪಟ್ಟಿತು.

ಆದಾಗ್ಯೂ ಒಂದು ಸಂಗತಿಯನ್ನು ಮರೆಮಾಡಲಾಗದು. ಪೇಡ್ರೋ ಪಾಯಸ್ ಎಂಬ ಸ್ಪೇನಿನ ಪಾದ್ರಿಯು 1618ರಲ್ಲಿಯೇ ಆ ಬುಗ್ಗೆಗಳನ್ನು ಕಂಡಿದ್ದನು. ಬ್ರೂಸನು ಅದನ್ನು ಒಪ್ಪಲಿಲ್ಲ. ಬಲುಗಾನಿಯು ಬುಗ್ಗೆಗಳ ವರೆಗೂ ಅವನೊಡನೆ ನಡೆದು, 1771ರಲ್ಲಿ ಗೊಂಡರಿನಲ್ಲಿ ಸತ್ತನು. ಬ್ರೂಸನಾದರೋ ಅವನು ಅದಕ್ಕೆ ಮುಂಚೆಯೇ ಸತ್ತನೆಂದು ಬರೆದು, ಆ ಘನತೆಯನ್ನು ತಾನೊಬ್ಬನೇ ಇಟ್ಟುಕೊಂಡನು. ತನ್ನ ಸತ್ಯವನ್ನು ಲೋಕವು ತಳ್ಳಿಬಿಟ್ಟಿತೆಂದು ನೊಂದವನೇ ಜತೆಯವನಿಗೆ ಸಲ್ಲತಕ್ಕ ಸತ್ಯವನ್ನು ಸಲ್ಲಿಸಲಿಲ್ಲ.

ಪ್ರಿಯರೇ, ನಮ್ಮ ಹಳ್ಳಿಗಳಲ್ಲಿಯೂ ನಾವು ಕಂಡು ನಂಬಿದ್ದನ್ನು ಹೇಳುವಾಗ ನಗುವವರುಂಟು. ಅದಕ್ಕೆ ಕಳವಳಪಡಬೇಕಾಗಿಲ್ಲ, ಮಣ್ಣಿನೊಳಗಿನ ಪಟ್ಟಣವನ್ನು ಬೆಳಕಿಗೆ ತಂದ ದೇವರು ಸತ್ಯವನ್ನೂ ತಕ್ಕ ಕಾಲದಲ್ಲಿ ತೋರಿಸುವನು. ಆದರೆ ನಮ್ಮ ಸಂಗಡ ನಡೆದವನ ಹೆಸರನ್ನು ನಾವು ಅಳಿಸಿದ್ದೇವೋ ಎಂದು ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಳ್ಳಲಿ.